ಸೆರಾಮಿಕ್ ಪೋಕರ್ ಚಿಪ್: ಸೆಟ್ ಕೊಳ್ಳುವ ಮೊದಲು ಮಾದರಿ ತರಿಸಿ ಪರೀಕ್ಷಿಸುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ರಜೆಯಲ್ಲಿ ನೆಂಟರೆಲ್ಲ ಸೇರಿದಾಗ ಚಾವಡಿಯಲ್ಲಿ ಕುಳಿತು ಇಸ್ಪೀಟು ಆಡುತ್ತೇವೆ, ಲೆಕ್ಕ ಇಡಲು ಹುಣಸೆ ಬೀಜ, ಮಂಜೊಟ್ಟಿ ಕಾಳು ಸಾಕಾಗುತ್ತಿಲ್ಲ, ಒಳ್ಳೆಯ ಚಿಪ್ ಸೆಟ್ ಯಾವುದು? ಸೆರಾಮಿಕ್ ಎಂದರೆ ಒಡೆದು ಹೋಗುವುದಿಲ್ಲವೇ? 14 ಗ್ರಾಮಿನದು ಒಳ್ಳೆಯದೋ, 10 ಗ್ರಾಮಿನದೋ? ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಇಡೀ ಕ್ರಮವನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪರದೆಯ ಮೇಲಿನ ಫೋಟೋ ನೋಡಿ ಮುನ್ನೂರು ಚಿಪ್‌ಗಳ ಸೆಟ್ಟಿಗೆ ಹಣ ಕಟ್ಟಬೇಡಿ. ಚಿಪ್ ಕೈಯಲ್ಲಿ ಹಿಡಿದು ಆಡುವ ವಸ್ತು. ಅದರ ಮೈ, ತೂಕ, ಸದ್ದು, ಅಂಚಿನ ಬಣ್ಣ ಇವು ಯಾವುವೂ ಫೋಟೋದಲ್ಲಿ ಸಿಗುವುದಿಲ್ಲ. ಆರೆಂಟು ಮಾದರಿ ಚಿಪ್‌ಗಳಿಗೆ ಕೊಡುವ ಹಣ ಇಡೀ ಸೆಟ್ಟಿನ ಬೆಲೆಯ ಮುಂದೆ ಅಲ್ಪ. ಆ ಹಣವನ್ನು ಉಳಿಸಲು ಹೋಗಬೇಡಿ.

ಇನ್ನೊಂದು ಮಾತು. ಈ ಲೇಖನ ಅಂಕಕ್ಕಾಗಿ, ಮನೆಯ ಸಂತೋಷಕ್ಕಾಗಿ ಆಡುವವರಿಗೆ. ಚಿಪ್ ಇಟ್ಟುಕೊಳ್ಳುವುದು ಬೇರೆ, ಹಣ ಕಟ್ಟಿ ಆಡುವುದು ಬೇರೆ. ಗಡಿಯ ಈಚೆಗೆ 1960ರ ಕೇರಳ ಗೇಮಿಂಗ್ ಕಾಯ್ದೆ, ತಲಪಾಡಿಯ ಆಚೆಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿಗೆ ಅನ್ವಯಿಸುತ್ತವೆ. ಮೇಜಿನ ಮೇಲೆ ಹಣ ಬರಲು ಬಿಡಬೇಡಿ.

1. ಸೆರಾಮಿಕ್ ಚಿಪ್ ಏನೆಂದು ತಿಳಿದುಕೊಳ್ಳಿ

ಹೆಸರು ಸೆರಾಮಿಕ್ ಆದರೂ ಇದು ಕುಲುಮೆಯಲ್ಲಿ ಸುಟ್ಟ ಪಿಂಗಾಣಿ ಅಲ್ಲ. ಗಟ್ಟಿಯಾದ ರಾಳದ ಮಿಶ್ರಣವನ್ನು ಅಚ್ಚಿನಲ್ಲಿ ಒತ್ತಿ ತೆಗೆದ ಬಿಳಿಯ ಬಿಲ್ಲೆ. ಹೀಗೆ ಏನೂ ಮುದ್ರಿಸದ ಬಿಲ್ಲೆಯನ್ನು ವ್ಯಾಪಾರದಲ್ಲಿ ‘ಬ್ಲ್ಯಾಂಕ್’ ಎನ್ನುತ್ತಾರೆ. ಅಮೆರಿಕದ ಚಿಪ್ಕೋ ಕಂಪನಿ 1980ರ ದಶಕದಲ್ಲಿ ಕ್ಯಾಸಿನೊಗಳಿಗಾಗಿ ಇಂಥ ಚಿಪ್‌ಗಳನ್ನು ತಯಾರಿಸಲು ತೊಡಗಿತು. ಈಗ ಹೆಚ್ಚಿನವು ಚೀನಾದಲ್ಲಿ ತಯಾರಾಗುತ್ತವೆ. ಆದ್ದರಿಂದ ಒಡೆಯುವ ಭಯ ಅಷ್ಟಾಗಿ ಬೇಡ. ಕಾವಿ ನೆಲದ ಮೇಲೆ ಬಿದ್ದರೆ ಅಂಚಿನಲ್ಲಿ ಸಣ್ಣ ಚಕ್ಕೆ ಏಳಬಹುದು, ಆದರೆ ಬಟ್ಟಲಿನಂತೆ ಚೂರಾಗುವುದಿಲ್ಲ.

ಬಿಲ್ಲೆಯ ಮೇಲೆ ಚಿತ್ರ ಬರುವುದು ‘ಡೈ ಸಬ್ಲಿಮೇಶನ್’ ಎಂಬ ವಿಧಾನದಿಂದ. ವಿಶೇಷ ಕಾಗದದ ಮೇಲೆ ಚಿತ್ರವನ್ನು ಮುದ್ರಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಿಲ್ಲೆಗೆ ಒತ್ತುತ್ತಾರೆ. ಬಣ್ಣ ಆವಿಯಾಗಿ ಬಿಲ್ಲೆಯ ಮೈಯೊಳಗೆ ಇಳಿಯುತ್ತದೆ. ಹಾಗಾಗಿ ಅದು ಸ್ಟಿಕರ್‌ನಂತೆ ಸುಲಿದು ಬರುವುದಿಲ್ಲ. ಒಂದು ಬದಿಯ ಅಂಚಿನಿಂದ ಇನ್ನೊಂದು ಅಂಚಿನವರೆಗೂ, ಸುತ್ತಿನ ದಪ್ಪದ ಮೇಲೆಯೂ ಚಿತ್ರ ಮುದ್ರಿಸಬಹುದು. ಸೆರಾಮಿಕ್ಕಿನ ದೊಡ್ಡ ಆಕರ್ಷಣೆ ಇದೇ.

ಅಂಗಡಿಗಳಲ್ಲಿ ಇದರ ಜೊತೆಗೆ ಇನ್ನೆರಡು ಜಾತಿ ಸಿಗುತ್ತವೆ. ಒಂದು, ನಡುವೆ ಲೋಹದ ಬಿಲ್ಲೆ ಹುದುಗಿಸಿ ಮೇಲೆ ಸ್ಟಿಕರ್ ಅಂಟಿಸಿದ ಪ್ಲಾಸ್ಟಿಕ್ ಚಿಪ್. ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಸೆಟ್‌ಗಳು ಬಹುಪಾಲು ಇವೇ. ‘ಕ್ಲೇ ಕಾಂಪೊಸಿಟ್’ ಎಂದು ಬರೆದಿದ್ದರೂ ಒಳಗೆ ಜೇಡಿಮಣ್ಣು ಇದೆ ಎಂದು ಭಾವಿಸಬೇಡಿ. ಇನ್ನೊಂದು ‘ಹೈಬ್ರಿಡ್’: ಸೆರಾಮಿಕ್ ಬಿಲ್ಲೆಯ ನಡುವೆ ತಗ್ಗು ಮಾಡಿ ಅಲ್ಲಿ ಚೀಟಿ ಕೂರಿಸಿದ್ದು. ಸೆರಾಮಿಕ್ ಎಂದು ಕೇಳಿ ಹೈಬ್ರಿಡ್ ತರಿಸಿಕೊಂಡವರು ಅನೇಕರು. ಆರ್ಡರ್ ಮಾಡುವಾಗ ಇದನ್ನು ಸ್ಪಷ್ಟವಾಗಿ ಕೇಳಿ.

ತೂಕದ ಬಗ್ಗೆ ಇರುವ ಭ್ರಮೆಯನ್ನು ಇಲ್ಲೇ ಬಿಟ್ಟುಬಿಡಿ. ಭಾರ ಹೆಚ್ಚಿದ್ದರೆ ಗುಣ ಹೆಚ್ಚು ಎಂಬುದು ಮಾರುವವರು ಹಬ್ಬಿಸಿದ ಮಾತು. 11.5 ಗ್ರಾಂ, 14 ಗ್ರಾಂ ಎಂಬ ಅಂಕಿಗಳು ಬರುವುದು ಒಳಗಿನ ಲೋಹದಿಂದ. ಅಮೆರಿಕದ ಕ್ಯಾಸಿನೊಗಳ ಚಿಪ್‌ಗಳು ಸಾಮಾನ್ಯವಾಗಿ 10 ಗ್ರಾಮಿನ ಆಸುಪಾಸಿನಲ್ಲಿರುತ್ತವೆ. ಸೆರಾಮಿಕ್ ಚಿಪ್ ಕೂಡ ಅಷ್ಟೇ ತೂಗುತ್ತದೆ.

2. ನಿಮ್ಮ ಮನೆಯ ಆಟಕ್ಕೆ ಎಷ್ಟು ಬೇಕೆಂದು ಲೆಕ್ಕ ಹಾಕಿ

ಮಾದರಿ ತರಿಸುವ ಮುನ್ನವೇ ಇದನ್ನು ಮಾಡಿಕೊಳ್ಳಿ, ಏಕೆಂದರೆ ಎಷ್ಟು ಬಣ್ಣಗಳನ್ನು ಹೋಲಿಸಿ ನೋಡಬೇಕೆಂಬುದು ಇದರಿಂದ ಗೊತ್ತಾಗುತ್ತದೆ.

ಇಪ್ಪತ್ತೆಂಟು ಅಥವಾ ಐವತ್ತಾರು ಎಂಬ ಇಸ್ಪೀಟು ಆಟ ಮಾತ್ರ ಆಡುವ ಮನೆಯಾದರೆ ಚಿಪ್ ಸೆಟ್ ಬೇಕಾಗಿಲ್ಲ. ಇಪ್ಪತ್ತೆಂಟರಲ್ಲಿ ಆಟಕ್ಕೆ ಬಳಸುವುದು 32 ಎಲೆ. ಉಳಿದ ಎಲೆಗಳಲ್ಲೇ ಲೆಕ್ಕ ಇಡುವ ರೂಢಿ ಚೆನ್ನಾಗಿದೆ.

ರಮ್ಮಿಗೆ ಚಿಪ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. 101 ಪೂಲ್ (101 ಅಂಕ ಸೋತವರು ಹೊರಬೀಳುವ ರಮ್ಮಿ) ಆಡುವುದಾದರೆ ಪ್ರತಿಯೊಬ್ಬರಿಗೂ ಆರಂಭದಲ್ಲಿ 101 ಅಂಕದ ಚಿಪ್ ಕೊಡಿ: 20ರ ಮೂರು, 5ರ ಆರು, 1ರ ಹನ್ನೊಂದು. ಒಟ್ಟು 20 ಚಿಪ್, ಕೂಡಿದರೆ 101. ಮೊದಲೇ ಕೈಬಿಟ್ಟರೆ 20ರ ಒಂದು, ನಡುವೆ ಬಿಟ್ಟರೆ 20ರ ಎರಡು ಕೊಟ್ಟರಾಯಿತು. ಸೋತವರು ಅಂಕಗಳನ್ನು ಡಬ್ಬಿಗೆ ಹಾಕುತ್ತಾ ಹೋಗುತ್ತಾರೆ, ಚಿಪ್ ಮುಗಿದವರು ಆಟದಿಂದ ಹೊರಗೆ. ಕಾಗದ ಪೆನ್ನು ಹಿಡಿದು ಕೂಡಿಸುವ ಕೆಲಸವಿಲ್ಲ, ಕೂಡಿಸಿದ್ದು ತಪ್ಪಾಯಿತೆಂಬ ತಕರಾರೂ ಇಲ್ಲ. ಆರು ಜನರಿಗೆ 120, ಚಿಲ್ಲರೆಗೆ 1ರ ಮತ್ತು 5ರ ಚಿಪ್ ಸೇರಿ ಇನ್ನು ಮೂವತ್ತು. 150ರ ಸೆಟ್ ಸಾಕು, ಬಣ್ಣ ಮೂರು.

ಪೋಕರ್ ಆಡುವವರು ತಲಾ 10,000 ಅಂಕದಿಂದ ಶುರು ಮಾಡುವುದು ಸಾಮಾನ್ಯ ಪದ್ಧತಿ. 25ರ ಎಂಟು, 100ರ ಎಂಟು, 500ರ ನಾಲ್ಕು, 1000ದ ಏಳು: ತಲಾ 27 ಚಿಪ್. ಆರು ಜನರಿಗೆ 162. 200ರ ಸೆಟ್ ಧಾರಾಳ. ಎಂಟು ಜನ ಸೇರುವ ಮನೆಗೆ 216 ಬೇಕಾಗುತ್ತದೆ, ಅಲ್ಲಿಗೆ 250 ಅಥವಾ 300. ಐನೂರರ ಸೆಟ್ ಕೊಂಡು ಅರ್ಧವನ್ನು ಅಟ್ಟದಲ್ಲಿಡುವುದಕ್ಕಿಂತ, ಕಡಿಮೆ ಕೊಂಡು ಒಳ್ಳೆಯದನ್ನು ಕೊಳ್ಳುವುದು ಮೇಲು.

3. ಮಾದರಿಗಳನ್ನು ಕೇಳಿ ತರಿಸುವುದು

ಸೆರಾಮಿಕ್ ಚಿಪ್ ಮುದ್ರಿಸಿ ಕೊಡುವ ಹೆಚ್ಚಿನ ಮಾರಾಟಗಾರರು ಹಣ ಪಡೆದು ಮಾದರಿ ಕಳಿಸುತ್ತಾರೆ. ಕೆಲವರು ಮುಂದೆ ಸೆಟ್ ಕೊಂಡರೆ ಆ ಹಣವನ್ನು ಬೆಲೆಯಲ್ಲಿ ಕಳೆಯುತ್ತಾರೆ. ಕೇಳುವಾಗ ಈ ವಿಷಯಗಳನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಕಳಿಸುವ ಮಾದರಿ ನಿಮ್ಮ ಸೆಟ್ಟಿಗೆ ಬಳಸುವ ಅದೇ ಬ್ಲ್ಯಾಂಕಿನದೇ? ಇದು ಅತಿ ಮುಖ್ಯ. ನುಣುಪು ಮೈಯ ಮಾದರಿ ಕಳಿಸಿ, ತರಿಮೈಯ (ಸೂಕ್ಷ್ಮ ಗೆರೆಗಳಿರುವ ಮೈಯ) ಚಿಪ್‌ಗಳ ಸೆಟ್ ಕಳಿಸುವುದು ನಡೆಯುತ್ತದೆ. ಮೋಸವೇ ಆಗಬೇಕೆಂದಿಲ್ಲ, ದಾಸ್ತಾನು ಮುಗಿದು ಬೇರೆ ಕಾರ್ಖಾನೆಯ ಬಿಲ್ಲೆ ಬಂದಿರಬಹುದು. ಎರಡನೆಯದಾಗಿ, ಮಾದರಿಯಾಗಿ ಬರುತ್ತಿರುವುದು ಮುದ್ರಣ ಕೆಟ್ಟು ಬದಿಗಿಟ್ಟ ಚಿಪ್‌ಗಳೇ? ಹಾಗಿದ್ದರೆ ಮೈ ಮತ್ತು ತೂಕ ನೋಡಲು ಅವು ಸಾಕು, ಮುದ್ರಣದ ಗುಣ ಅಳೆಯಲು ಸಾಲವು.

ಪ್ರತಿ ಬಗೆಯದೂ ಒಂದೊಂದು ಬಂದರೆ ಸಾಲದು. ಒಂಟಿ ಚಿಪ್ ಕೈಯಲ್ಲಿ ಹಿಡಿದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ದೋಷ ತಿಳಿಯುವುದು ಒಂದರ ಮೇಲೊಂದು ಪೇರಿಸಿದಾಗ. ಮೊದಲ ಸುತ್ತಿನಲ್ಲಿ ಹಲವು ಬಗೆಯವನ್ನು ಒಂದೊಂದರಂತೆ ತರಿಸಿ, ಮನಸ್ಸಿಗೆ ಬಂದ ಎರಡು ಬಗೆಯವನ್ನು ಎರಡನೆಯ ಸುತ್ತಿನಲ್ಲಿ ಕನಿಷ್ಠ ಐದೈದು ತರಿಸುವುದು ನನ್ನ ಸಲಹೆ. ಬಣ್ಣಗಳಲ್ಲಿ ಒಂದು ಕಡು (ಕಪ್ಪು ಅಥವಾ ನೇರಳೆ), ಒಂದು ತೆಳು, ಒಂದು ಕೆಂಪು ಇರಲಿ. ಮುದ್ರಣದ ಕುಂದು ಕಡುಬಣ್ಣದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ.

ವಿಳಾಸದ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಎರಡು ಎಚ್ಚರಿಕೆ. ನಮ್ಮ ಪಿನ್ ಕೋಡ್ 671ರಿಂದ ಆರಂಭವಾಗುತ್ತದೆ, ರಾಜ್ಯ ಕೇರಳ. ಕನ್ನಡದಲ್ಲಿ ಮಾತಾಡಿದ್ದರಿಂದ ಮಾರಾಟಗಾರರು ‘ಕರ್ನಾಟಕ’ ಎಂದು ಬರೆದುಕೊಂಡರೆ ಪೊಟ್ಟಣ ಅಲೆದಾಡುತ್ತದೆ. ಖಾಸಗಿ ಕೊರಿಯರ್ ಒಳಹಳ್ಳಿಗೆ ಬಾರದಿದ್ದರೆ ಅಂಚೆಯಲ್ಲೇ ಕಳಿಸಲು ಹೇಳಿ. ಮಂಗಳೂರಿನ ಬಂಧುಗಳ ವಿಳಾಸಕ್ಕೆ ತರಿಸುವುದೂ ಸರಿಯೇ. ಆದರೆ ಹಿಂದಿರುಗಿಸಬೇಕಾಗಿ ಬಂದರೆ ಕೊರಿಯರ್‌ನವರು ಬರುವುದು ಆ ವಿಳಾಸಕ್ಕೇ ಎಂಬುದು ನೆನಪಿರಲಿ.

ಗಲ್ಫಿನಲ್ಲಿರುವ ಅಣ್ಣನೋ ಭಾವನೋ ಬರುವಾಗ ತರಲಿ ಎಂಬ ಯೋಚನೆ ನಮ್ಮ ಕಡೆ ಸಹಜ. ದಯವಿಟ್ಟು ಬೇಡ. ಯುಎಇಯ ಕಸ್ಟಮ್ಸ್ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಜೂಜಿನ ಸಾಮಗ್ರಿ ಸೇರಿದೆ. ಚಿಪ್‌ಗಳನ್ನು ಆ ದೇಶಕ್ಕೆ ತರಿಸಿಕೊಂಡು, ಅಲ್ಲಿಂದ ಊರಿಗೆ ತರುವ ದಾರಿಯಲ್ಲಿ ನೌಕರಿಯಲ್ಲಿರುವವರನ್ನು ವಿಚಾರಣೆಗೆ ನಿಲ್ಲಿಸುವಂಥ ಕೆಲಸ ಮಾಡಿಸಬಾರದು.

4. ಕೈಗೆ ಬಂದ ಮಾದರಿಗಳ ಪರೀಕ್ಷೆ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಮಾದರಿಯ ಹಿಂಬದಿಗೆ ಸಣ್ಣ ಕಾಗದದ ಚೀಟಿ ಅಂಟಿಸಿ ಕ, ಖ, ಗ ಎಂದು ಗುರುತು ಹಾಕಿ. ಯಾವ ಗುರುತು ಯಾವ ಮಾರಾಟಗಾರರದ್ದೆಂದು ಪುಸ್ತಕದಲ್ಲಿ ಬರೆದಿಡಿ. ಅಳೆಯುವಾಗ, ಪೇರಿಸುವಾಗ ಚೀಟಿ ತೆಗೆಯಲು ಮರೆಯಬೇಡಿ, ಅದರ ದಪ್ಪವೇ ಲೆಕ್ಕ ಕೆಡಿಸುತ್ತದೆ.

ಅಳತೆ ಮತ್ತು ತೂಕ: ಸಾಮಾನ್ಯ ಚಿಪ್‌ನ ಅಗಲ 39 ಮಿಲಿಮೀಟರ್, ದಪ್ಪ ಸುಮಾರು 3.3 ಮಿಲಿಮೀಟರ್. ದೊಡ್ಡ ಬೆಲೆಯ ಚಿಪ್‌ಗಳು 43 ಮಿಲಿಮೀಟರ್ ಇರುವುದೂ ಉಂಟು. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹತ್ತು ಚಿಪ್ ಪೇರಿಸಿ ಸ್ಕೇಲಿನಲ್ಲಿ ಅಳೆಯಿರಿ. 33 ಮಿಲಿಮೀಟರ್ ಹತ್ತಿರ ಬರಬೇಕು. ಅಡುಗೆಮನೆಯ ತಕ್ಕಡಿ ಒಂದು ಗ್ರಾಮಿನ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ, ಒಂದು ಚಿಪ್ ತೂಗಲು ಅದು ಸಾಲದು. ಇದ್ದಷ್ಟನ್ನೂ ಒಟ್ಟಿಗೆ ತೂಗಿ ಭಾಗಿಸಿ, ಅಥವಾ ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ಒಂದೊಂದಾಗಿ ತೂಗಿಸಿ. ಇಲ್ಲಿ ನೋಡಬೇಕಾದದ್ದು ತೂಕ ಎಷ್ಟಿದೆ ಎಂಬುದನ್ನಲ್ಲ, ಒಂದೇ ಬಗೆಯ ಚಿಪ್‌ಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು.

ತಿರುಗುವ ಪರೀಕ್ಷೆ: ಸೆರಾಮಿಕ್ ಚಿಪ್‌ಗಳ ಸಾಮಾನ್ಯ ದೋಷ ಇದು. ಬಿಲ್ಲೆ ತಣಿಯುವಾಗ ಹಪ್ಪಳದಂತೆ ಒಂದಿಷ್ಟು ಉಬ್ಬಿರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ಇಂಥ ಚಿಪ್ಪನ್ನು ‘ಸ್ಪಿನ್ನರ್’ ಎನ್ನುತ್ತಾರೆ. ಕಿಟಕಿಯ ಗಾಜು ಅಥವಾ ಗ್ರಾನೈಟ್ ಕಲ್ಲಿನಂಥ ಸಪಾಟಾದ ಜಾಗದಲ್ಲಿ ಚಿಪ್ ಇಟ್ಟು ಅಂಚನ್ನು ಬೆರಳಿನಿಂದ ಮೆಲ್ಲಗೆ ಚಿಮ್ಮಿ. ಚಪ್ಪಟೆಯಾದದ್ದು ಸರಿದು ನಿಲ್ಲುತ್ತದೆ. ಉಬ್ಬಿದ್ದು ನಡುವಿನ ಬಿಂದುವಿನ ಮೇಲೆ ಗಿರಗಿರನೆ ತಿರುಗುತ್ತದೆ. ಎರಡೂ ಬದಿಯನ್ನು ಪರೀಕ್ಷಿಸಿ, ಏಕೆಂದರೆ ಉಬ್ಬಿದ ಬದಿ ಕೆಳಗಿದ್ದಾಗ ಮಾತ್ರ ತಿರುಗುತ್ತದೆ. ಆಟದ ಮೇಜಿನ ಬಟ್ಟೆಯ ಮೇಲೆ ಇದನ್ನು ಮಾಡಿದರೆ ಏನೂ ತಿಳಿಯದು. ಹತ್ತರಲ್ಲಿ ಒಂದು ತಿರುಗಿದರೆ ಸಹಿಸಬಹುದು. ಐದು ಮಾದರಿಯಲ್ಲಿ ಎರಡು ತಿರುಗಿದರೆ ಆ ಬ್ಲ್ಯಾಂಕನ್ನು ಬಿಟ್ಟುಬಿಡಿ, ಚಿತ್ರ ಎಷ್ಟೇ ಚೆನ್ನಾಗಿರಲಿ.

ಮೈಯ ಹಿಡಿತ: ನುಣುಪು ಮೈಯ ಸೆರಾಮಿಕ್ ಹೊಸದರಲ್ಲಿ ಜಾರುತ್ತದೆ. ಹೆಣೆದ ಬಟ್ಟೆಯ ಹಾಗೆ ಸೂಕ್ಷ್ಮ ಗೆರೆಗಳಿರುವ ಮೈ ಹೆಚ್ಚು ಹಿಡಿತ ಕೊಡುತ್ತದೆ, ಆದರೆ ಸಣ್ಣ ಅಕ್ಷರಗಳ ಮುದ್ರಣ ಅದರ ಮೇಲೆ ಸ್ವಲ್ಪ ಮಸುಕಾಗುತ್ತದೆ. ಐದು ಚಿಪ್‌ಗಳ ಅಟ್ಟಿಯನ್ನು ಒಂದು ಹಲಗೆಯ ಮೇಲಿಟ್ಟು, ಹಲಗೆಯ ಒಂದು ತುದಿಗೆ ಒಂದೊಂದೇ ಪುಸ್ತಕ ಕೊಡುತ್ತಾ ಎತ್ತರಿಸಿ. ಎಷ್ಟನೆಯ ಪುಸ್ತಕಕ್ಕೆ ಮೇಲಿನ ಚಿಪ್ ಜಾರಿತೆಂದು ಬರೆದುಕೊಳ್ಳಿ. ಎಲ್ಲ ಮಾದರಿಗೂ ಅದೇ ಹಲಗೆ, ಅವೇ ಪುಸ್ತಕಗಳು. ಆಮೇಲೆ ಅದನ್ನೇ ಕೈ ಒದ್ದೆಯಿರುವಾಗ ಮುಟ್ಟಿ ನೋಡಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರಿದ ಬೆರಳಿನಿಂದ ಒಂದು ಚಿಪ್ ಎತ್ತುವಾಗ ಎರಡು ಅಂಟಿಕೊಂಡು ಬರುತ್ತವೆಯೇ ಎಂಬುದು ಕರಾವಳಿಯವರಿಗೆ ನಿಜವಾದ ಪ್ರಶ್ನೆ. ನನ್ನ ಒಲವು ತರಿಮೈಯ ಕಡೆಗೆ. ನಮ್ಮ ಹವೆಗೆ ಅದೇ ಹೊಂದುತ್ತದೆ.

ಅಂಚು: ಚಿಪ್ ಕೊಳ್ಳುವವರು ಮುಖದ ಚಿತ್ರ ನೋಡಿ ಮರುಳಾಗುತ್ತಾರೆ. ಆದರೆ ಆಡುವಾಗ ಎದುರಿನವರಿಗೆ ಕಾಣುವುದು ಅಂಚು ಮಾತ್ರ. ಎದುರಾಳಿಯ ಬಳಿ ಎಷ್ಟಿದೆ, ಯಾವುದು 5, ಯಾವುದು 20 ಎಂಬುದನ್ನು ಅಟ್ಟಿಯ ಬದಿಯಿಂದ ಓದಬೇಕು. ಅಂಚಿಗೆ ಮುದ್ರಣ ಇಲ್ಲದ ಸೆರಾಮಿಕ್ ಚಿಪ್‌ಗಳ ಅಟ್ಟಿ ಬರೀ ಬಿಳಿಯಾಗಿ ನಿಲ್ಲುತ್ತದೆ, ಅಂಥದ್ದನ್ನು ಕೊಳ್ಳಬೇಡಿ. ಮುದ್ರಣ ಇದ್ದರೂ ಮುಖ ಮತ್ತು ಅಂಚು ಸೇರುವ ಮೂಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಬಿಳಿ ಗೆರೆ ಉಳಿದಿದೆಯೇ? ಮುಖದ ಪಟ್ಟಿಯೂ ಅಂಚಿನ ಪಟ್ಟಿಯೂ ಒಂದಕ್ಕೊಂದು ಕೂಡುತ್ತವೆಯೇ? ಮುಖ ಮತ್ತು ಅಂಚನ್ನು ಬೇರೆ ಬೇರೆಯಾಗಿ ಮುದ್ರಿಸುವುದರಿಂದ ಸ್ವಲ್ಪ ಸರಿಯುವುದು ಸಾಮಾನ್ಯ. ಒಂದು ಮಿಲಿಮೀಟರ್ ಸರಿದರೂ ಕಣ್ಣಿಗೆ ಚುಚ್ಚುತ್ತದೆ. ಈ ಕಾಟ ಬೇಡವೆಂದರೆ ಪಟ್ಟಿಗಳಿಲ್ಲದೆ ಅಂಚಿಗೆಲ್ಲ ಒಂದೇ ಬಣ್ಣ ಇರುವ ವಿನ್ಯಾಸ ಆಯ್ದುಕೊಳ್ಳಿ.

ಬೆಳಕು: ಹಗಲು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಂಡ ನೀಲಿ, ಹಸಿರು, ಕಪ್ಪು ರಾತ್ರಿ ಹಳದಿ ಬಲ್ಬಿನಡಿ ಒಂದಾಗಬಹುದು. ಮಳೆಗಾಲದಲ್ಲಿ ಕರೆಂಟು ಹೋದಾಗ ಇನ್ವರ್ಟರಿನ ಒಂದೇ ದೀಪದಲ್ಲಿ ಆಡುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಬಣ್ಣಗಳನ್ನು ಬೆರೆಸಿ ಅಟ್ಟಿ ಕಟ್ಟಿ, ಆರಡಿ ದೂರ ಕುಳಿತು, ಹಗಲು, ಟ್ಯೂಬ್‌ಲೈಟ್, ಹಳದಿ ಬಲ್ಬು ಮೂರರಲ್ಲೂ ನೋಡಿ. ಮನೆಯಲ್ಲಿ ಕೆಂಪು ಹಸಿರಿನ ಭೇದ ಕಾಣದವರಿದ್ದರೆ ಅವರೇ ಕೊನೆಯ ತೀರ್ಪು ಕೊಡಲಿ. ಬಣ್ಣದ ಜೊತೆಗೆ ಕಡು-ತೆಳುಗಳಲ್ಲೂ ವ್ಯತ್ಯಾಸ ಇದ್ದರೆ ಎಲ್ಲರಿಗೂ ಅನುಕೂಲ.

ಎಣ್ಣೆ, ನೀರು: ಆಟದ ನಡುವೆ ಬಾಳೆಕಾಯಿ ಚಿಪ್ಸ್, ಚಕ್ಕುಲಿ ಬರುತ್ತವೆ, ಬರಲಿ. ಒಂದು ಮಾದರಿಗೆ ತೆಂಗಿನೆಣ್ಣೆ ಸವರಿ ಒಂದು ರಾತ್ರಿ ಬಿಡಿ. ಮರುದಿನ ಸಾಬೂನು ನೀರಿನಲ್ಲಿ ತೊಳೆದು ಬಿಳಿ ಬಟ್ಟೆಯಿಂದ ಒತ್ತಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಮುದ್ರಣ ಮೈಯೊಳಗೆ ಇಳಿದಿಲ್ಲ ಎಂದರ್ಥ. ಉಗುರುಬಣ್ಣ ತೆಗೆಯುವ ದ್ರವ, ಥಿನ್ನರ್, ಕುದಿಯುವ ನೀರು ಇವನ್ನು ಪರೀಕ್ಷೆಗೂ ಬಳಸಬೇಡಿ, ಮುಂದೆ ಶುಚಿಗೊಳಿಸಲೂ ಬಳಸಬೇಡಿ.

ಬೀಳಿಸಿ ನೋಡುವ ಪರೀಕ್ಷೆಗೆ ಒಂದೇ ಒಂದು ಮಾದರಿಯನ್ನು ಬಲಿ ಕೊಡಿ. ಮೇಜಿನ ಎತ್ತರದಿಂದ ನೆಲಕ್ಕೆ, ಅಂಚು ಕೆಳಗಾಗುವಂತೆ. ಚಕ್ಕೆ ಎದ್ದರೆ ಒಳಗಿನ ಬಿಳಿ ಬಣ್ಣ ಕಾಣುತ್ತದೆ. ನೆಲದ ಮೇಲೆ ಚಾಪೆ ಹಾಸಿ ಆಡುವ ಮನೆಯವರು ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

5. ಆಡುವವರ ಕೈಗೆ ಕೊಡಿ

ಮಾದರಿಗಳನ್ನು ನೀವೊಬ್ಬರೇ ನೋಡಿ ತೀರ್ಮಾನಿಸಬೇಡಿ. ಬೆಲೆಯನ್ನೂ ಮಾರಾಟಗಾರರ ಹೆಸರನ್ನೂ ಹೇಳದೆ, ಕ, ಖ, ಗ ಗುರುತಿನಲ್ಲೇ ಎಲ್ಲರ ಕೈಗೆ ಕೊಡಿ. ಬೆಲೆ ಗೊತ್ತಾದ ಕೂಡಲೇ ದುಬಾರಿಯದ್ದೇ ಚೆಂದ ಎನ್ನಿಸತೊಡಗುತ್ತದೆ. ಅಜ್ಜ, ಅಜ್ಜಿ, ದೊಡ್ಡಪ್ಪ ಇವರು ಕನ್ನಡಕ ಹಾಕಿಕೊಂಡು, ಮತ್ತೆ ತೆಗೆದು, ಚಿಪ್ ಮೇಲಿನ ಅಂಕೆ ಓದಲಿ. ಬೆರಳು ಬಿಗಿದವರಿಗೆ ತೆಳ್ಳಗಿನ ಚಿಪ್ಪನ್ನು ಮೇಜಿನಿಂದ ಎತ್ತುವುದು ಕಷ್ಟ, ಅವರ ಅನುಭವ ಕೇಳಿ. ಸದ್ದಿನ ವಿಷಯದಲ್ಲೂ ಅಷ್ಟೇ: ಸೆರಾಮಿಕ್ ಚಿಪ್‌ಗಳು ತಾಗಿದಾಗ ಗಟ್ಟಿಯಾದ, ಚುರುಕಾದ ಸದ್ದು ಬರುತ್ತದೆ. ಕೆಲವರಿಗೆ ಅದು ಇಷ್ಟ, ಮಗು ಮಲಗಿರುವ ಮನೆಯಲ್ಲಿ ಅದೇ ತೊಂದರೆ.

ಇಬ್ಬರು ಒಂದೊಂದನ್ನು ಹಿಡಿದು ಪಟ್ಟು ಬಿಡದಿದ್ದರೆ ತಿರುಗುವ ಪರೀಕ್ಷೆ ಮತ್ತು ಅಂಚಿನ ಓದು ಯಾವುದರಲ್ಲಿ ಚೆನ್ನಾಗಿದೆಯೋ ಅದನ್ನು ಆರಿಸಿ. ಚಿತ್ರದ ಚೆಂದಕ್ಕೆ ನಾನು ಕೊಡುವುದು ಕೊನೆಯ ಸ್ಥಾನ.

6. ನಿಮ್ಮದೇ ವಿನ್ಯಾಸ ಮುದ್ರಿಸುವುದಾದರೆ

ಮನೆತನದ ಹೆಸರು, ಊರಿನ ಹೆಸರು ಹಾಕಿಸುವ ಆಸೆ ಇದ್ದವರಿಗೆ ಸೆರಾಮಿಕ್ ಅತ್ಯುತ್ತಮ. ಆದರೆ ಕನ್ನಡ ಅಕ್ಷರ ಹಾಕಿಸುವವರು ಎಚ್ಚರದಿಂದಿರಬೇಕು. ಹೊರಗಿನ ಮುದ್ರಕರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಒಡೆಯುತ್ತವೆ, ಅರ್ಕಾವೊತ್ತು ಬೇರೆಲ್ಲೋ ಹೋಗಿ ಕೂರುತ್ತದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬೆರಳಚ್ಚು ಮಾಡಿ ಕಳಿಸಿದರೆ ಅವರಿಗೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಇದಕ್ಕೆ ಪರಿಹಾರ ಸುಲಭ. ನಿಮ್ಮೂರಿನ ಆಮಂತ್ರಣ ಪತ್ರಿಕೆ ಮುದ್ರಿಸುವ ಅಂಗಡಿಯಲ್ಲಿ ಕೋರಲ್‌ಡ್ರಾದಲ್ಲಿ ಬರೆಸಿ, ಅಕ್ಷರಗಳನ್ನು ‘ಕರ್ವ್’ ಮಾಡಿಸಿ, ಪಿಡಿಎಫ್ ಪಡೆಯಿರಿ. ಕರ್ವ್ ಎಂದರೆ ಅಕ್ಷರವನ್ನು ಗೆರೆಗಳ ಚಿತ್ರವಾಗಿ ಬದಲಿಸುವುದು. ಆಮೇಲೆ ಯಾವ ಕಂಪ್ಯೂಟರಿನಲ್ಲೂ ಅದು ಕೆಡುವುದಿಲ್ಲ.

ಅಂಕೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಕನ್ನಡ ಅಂಕೆ ನನಗೆ ಪ್ರೀತಿ, ಆದರೂ ಚಿಪ್ ಮೇಲೆ 5, 20, 100 ಎಂದೇ ದೊಡ್ಡದಾಗಿ ಇರಲಿ. ನಮ್ಮ ಜಿಲ್ಲೆಯಲ್ಲಿ ಒಂದೇ ಮೇಜಿನ ಸುತ್ತ ಕನ್ನಡ, ಮಲಯಾಳ, ತುಳು ಮಾತಾಡುವವರು ಕೂರುತ್ತಾರೆ. ಹೊಸದಾಗಿ ಕಲಿತವರಿಗೆ ೬ ಮತ್ತು ೭ ಗೊಂದಲ ತರುತ್ತವೆ. ಹೆಸರು ಕನ್ನಡದಲ್ಲಿ, ಅಂಕೆ ಎಲ್ಲರಿಗೂ ತಿಳಿಯುವಂತೆ. ರೂಪಾಯಿಯ ಚಿಹ್ನೆ ಬೇಡ, ಹಣದ ಆಟವೆಂಬ ಶಂಕೆಗೆ ಅದು ಎಡೆ ಕೊಡುತ್ತದೆ. ದೇವರ ಚಿತ್ರವೂ ಬೇಡ. ಚಿಪ್ ನೆಲಕ್ಕೆ ಬೀಳುತ್ತದೆ, ಕಾಲಿಗೆ ತಾಗುತ್ತದೆ.

ಬಣ್ಣದಲ್ಲಿ ಎರಡು ಮಿತಿಗಳಿವೆ. ಈ ವಿಧಾನದಲ್ಲಿ ಬಿಳಿಯನ್ನು ಮುದ್ರಿಸಲಾಗದು. ಚಿತ್ರದಲ್ಲಿ ಬಿಳಿ ಇರುವಲ್ಲಿ ಬಿಲ್ಲೆಯ ಸ್ವಂತ ಬಣ್ಣ ಕಾಣುತ್ತದೆ, ಅದು ಕೆಲವದರಲ್ಲಿ ಕೆನೆಬಿಳಿ. ಚಿನ್ನ, ಬೆಳ್ಳಿಯ ಹೊಳಪೂ ಬರುವುದಿಲ್ಲ. ಪರದೆಯ ಮೇಲೆ ಚಿನ್ನದಂತೆ ಹೊಳೆದದ್ದು ಚಿಪ್ ಮೇಲೆ ಸಾಸಿವೆ ಬಣ್ಣಕ್ಕೆ ತಿರುಗುತ್ತದೆ. ಚಿತ್ರದ ಬಣ್ಣವನ್ನು ಅಂಚಿನಿಂದ ಆಚೆಗೂ ಎರಡು ಮಿಲಿಮೀಟರ್ ಚಾಚಿಸಿರಿ. ಇದನ್ನು ‘ಬ್ಲೀಡ್’ ಎನ್ನುತ್ತಾರೆ, ಮುದ್ರಣ ಸ್ವಲ್ಪ ಸರಿದರೂ ಬಿಳಿ ಗೆರೆ ಉಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ತೋರಿಸುವ ಕರಡಿಗೆ ಒಪ್ಪಿಗೆ ಕೊಟ್ಟು ಸುಮ್ಮನಾಗಬೇಡಿ. ನಿಮ್ಮ ವಿನ್ಯಾಸವನ್ನೇ ಮುದ್ರಿಸಿದ ಒಂದೊಂದು ನಿಜವಾದ ಚಿಪ್ ತರಿಸಿ ನೋಡಿದ ಮೇಲೆ ಉಳಿದದ್ದಕ್ಕೆ ಹೇಳಿ. ಸಮಯ ಹಿಡಿಯುತ್ತದೆ, ಹಿಡಿಯಲಿ.

7. ನಿಜವಾದ ಬೆಲೆ

ಒಂದು ಚಿಪ್‌ಗೆ ಇಷ್ಟು ಎಂದು ಬರೆದಿರುವುದು ಪೂರ್ತಿ ಬೆಲೆಯಲ್ಲ. ವಿನ್ಯಾಸದ ಶುಲ್ಕ, ಪೆಟ್ಟಿಗೆ, ಸಾಗಣೆ ಇವನ್ನು ಸೇರಿಸಿ. 300 ಚಿಪ್ ಎಂದರೆ 3 ಕಿಲೋ, ಪೆಟ್ಟಿಗೆ ಸೇರಿದರೆ ಇನ್ನೂ ಹೆಚ್ಚು. ವಿದೇಶದಿಂದ ತರಿಸಿದರೆ ಸಾಗಣೆಯೇ ಚಿಪ್‌ಗಳ ಬೆಲೆಗೆ ಸಮನಾಗಬಹುದು. ಅದರ ಮೇಲೆ ಆಮದು ಸುಂಕ, ಜಿಎಸ್‌ಟಿ, ಕೊರಿಯರ್ ಕಂಪನಿಯ ನಿರ್ವಹಣಾ ಶುಲ್ಕ. ಸುಂಕವನ್ನು ಸಾಗಣೆ ವೆಚ್ಚ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ಬೆಲೆ ಕಡಿಮೆ ತೋರಿಸಿ ಕಳಿಸುತ್ತೇವೆ ಎನ್ನುವ ಮಾರಾಟಗಾರರಿಗೆ ಬೇಡ ಎನ್ನಿ. ಕಸ್ಟಮ್ಸ್‌ನಲ್ಲಿ ತಡೆದರೆ ತೊಂದರೆ ನಿಮಗೆ, ದಾರಿಯಲ್ಲಿ ಕಳೆದರೆ ಪರಿಹಾರ ಸಿಗುವುದು ಆ ಸುಳ್ಳು ಬೆಲೆಗೆ ಮಾತ್ರ.

8. ಆರ್ಡರ್ ಮತ್ತು ಬಂದ ಮೇಲಿನ ತಪಾಸಣೆ

ಬೇಕಾದಷ್ಟನ್ನೂ ಒಂದೇ ಸಲ ಮುದ್ರಿಸಿಕೊಳ್ಳಿ, ಪ್ರತಿ ಬಣ್ಣದಲ್ಲೂ ನೂರಕ್ಕೆ ಹತ್ತರಷ್ಟು ಹೆಚ್ಚು ಇರಲಿ. ಮುಂದಿನ ವರ್ಷ ಅದೇ ಕೆಂಪನ್ನು ಕೇಳಿದರೆ ಬೇರೆ ಕೆಂಪು ಬರುತ್ತದೆ. ಆಯ್ದ ಮಾದರಿ ಚಿಪ್ಪನ್ನು ಎಸೆಯದೆ ಇಟ್ಟುಕೊಳ್ಳಿ, ತಕರಾರು ಬಂದಾಗ ಅದೇ ನಿಮ್ಮ ಸಾಕ್ಷಿ.

ಪೊಟ್ಟಣ ಬಿಚ್ಚುವಾಗ ಮೊಬೈಲಿನಲ್ಲಿ ಪೂರ್ತಿ ವಿಡಿಯೊ ತೆಗೆಯಿರಿ, ವಿಳಾಸದ ಚೀಟಿಯೂ ಕಾಣುವಂತೆ. ಇಪ್ಪತ್ತಿಪ್ಪತ್ತರ ಅಟ್ಟಿ ಕಟ್ಟಿ ಪಕ್ಕಪಕ್ಕದಲ್ಲಿ ನಿಲ್ಲಿಸಿ. ಒಂದೊಂದೂ ಸುಮಾರು 66 ಮಿಲಿಮೀಟರ್ ಇರಬೇಕು. ಯಾವುದಾದರೂ ಎದ್ದು ಕಂಡರೆ ಅದರಲ್ಲಿ ಉಬ್ಬಿದ ಚಿಪ್ ಇದೆ, ಒಂದೊಂದಾಗಿ ಗಾಜಿನ ಮೇಲೆ ತಿರುಗಿಸಿ ಹುಡುಕಿ. ಕೆಟ್ಟವನ್ನು ಬೇರೆ ಇಟ್ಟು ಫೋಟೋ ತೆಗೆದು, ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಬರೆದು ಕಳಿಸಿ. ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ.

9. ಮಳೆಗಾಲದಲ್ಲಿ ಇಡುವುದು

ಸೆರಾಮಿಕ್ ಚಿಪ್ ನೀರು ಹೀರುವುದಿಲ್ಲ, ಕೆಡುವುದು ಅದರ ಪೆಟ್ಟಿಗೆ. ಒಳಗೆ ಮಖಮಲ್ ಅಥವಾ ಸ್ಪಂಜು ಹಾಸಿದ ಪೆಟ್ಟಿಗೆಗಳು ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಮ್ಮಲ್ಲಿ ಬೂಷ್ಟು ಹಿಡಿಯುತ್ತವೆ, ವಾಸನೆ ಚಿಪ್‌ಗೂ ಇಸ್ಪೀಟು ಕಟ್ಟಿಗೂ ಅಂಟುತ್ತದೆ. ನೂರು ಚಿಪ್ ಹಿಡಿಯುವ ಪಾರದರ್ಶಕ ಅಕ್ರಿಲಿಕ್ ತಟ್ಟೆಗಳು ಸಿಗುತ್ತವೆ, ಇಪ್ಪತ್ತರಂತೆ ಐದು ಸಾಲು. ಅವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಜೊತೆಗೆ ಸಿಲಿಕಾ ಜೆಲ್ ಚೀಟಿ ಹಾಕಿ. ನುಸಿಗುಳಿಗೆ ಹಾಕಬೇಡಿ, ಅದು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ತೊಳೆದ ಚಿಪ್‌ಗಳನ್ನು ಬಟ್ಟೆಯ ಮೇಲೆ ಹರಡಿ, ಫ್ಯಾನಿನಡಿ ಪೂರ್ತಿ ಒಣಗಿಸಿದ ಮೇಲೆಯೇ ಡಬ್ಬಿಗೆ ಹಾಕಿ. ಬಿಸಿಲಿಗೆ ಇಡಬೇಡಿ, ಬಣ್ಣ ಮಾಸುತ್ತದೆ.